ಕೊರಿಯರ್‌ನಲ್ಲಿ ಜಜ್ಜಿ ಬಂದ ಆಂಪ್: ಮೊದಲು ಆ ರಟ್ಟಿನ ಪೆಟ್ಟಿಗೆ ವಾಪಸ್ ತನ್ನಿ

ಸರ್, ನಿಮ್ಮ ಪೋಸ್ಟ್ ಓದಿದ ಕೂಡಲೇ ಬರೆಯಲು ಕೂತೆ. ಸೆಕೆಂಡ್ ಹ್ಯಾಂಡ್ ಇಂಟಿಗ್ರೇಟೆಡ್ ಆಂಪ್ (ಸ್ಪೀಕರ್ ನುಡಿಸುವ ಆಂಪ್ಲಿಫೈಯರ್) ಕೊರಿಯರ್‌ನಲ್ಲಿ ಬಂತು, ಪೆಟ್ಟಿಗೆಯ ಒಂದು ಮೂಲೆ ಜಜ್ಜಿತ್ತು, ಆದರೂ ಸಹಿ ಹಾಕಿ ತೆಗೆದುಕೊಂಡಿರಿ. ಬಿಚ್ಚಿದರೆ ಮುಂದಿನ ಪ್ಯಾನೆಲ್ ಸೊಟ್ಟಗಾಗಿದೆ, ಕರೆಂಟ್ ಕೊಟ್ಟರೆ ಎಡ ಚಾನೆಲ್‌ನಲ್ಲಿ ಬರೀ ಗುಂಯ್ ಸದ್ದು. ಕೊನೆಯಲ್ಲಿ ಬರೆದಿದ್ದೀರಿ: ಡಬ್ಬ, ಬಬಲ್ ರ‍್ಯಾಪ್ ಎಲ್ಲ ಕಸಕ್ಕೆ ಹಾಕಿದೆ, ನಾಳೆ ರಿಪೇರಿಗೆ ಕೊಟ್ಟು ಬಂದ ಬಿಲ್ ಇಟ್ಟು ಇನ್ಶೂರೆನ್ಸ್ ಕ್ಲೇಮ್ ಹಾಕುತ್ತೇನೆ ಅಂತ. ದಯವಿಟ್ಟು ಬೇಡ. ಈ ಎರಡೂ ತಪ್ಪನ್ನು ಇದೇ ಕ್ರಮದಲ್ಲಿ ನಾನೂ ಮಾಡಿದ್ದೇನೆ, ಕೈಗೆ ಏನೂ ಬರಲಿಲ್ಲ.

ಕಸದ ಗಾಡಿ ಬರುವ ಮೊದಲು ಎದ್ದು ಹೋಗಿ ಪೆಟ್ಟಿಗೆ ವಾಪಸ್ ತನ್ನಿ. ಹರಿದಿರಲಿ, ಒದ್ದೆಯಾಗಿರಲಿ, ಪರವಾಗಿಲ್ಲ. ಒಳಗಿದ್ದ ಫೋಮ್ ತುಂಡು, ಥರ್ಮಾಕೋಲ್ ಚೂರು, ಬಬಲ್ ರ‍್ಯಾಪ್, ಕಿತ್ತ ಟೇಪ್ ಸಮೇತ ತನ್ನಿ. ಆಂಪ್‌ನ ಪ್ಲಗ್ ಕಿತ್ತಿಡಿ, ಮತ್ತೊಮ್ಮೆ ಆನ್ ಮಾಡಿ ನೋಡುವ ಆಸೆ ಬೇಡ. ಅದರ ಕಾರಣ ಮುಂದೆ ಹೇಳುತ್ತೇನೆ.

ಕ್ಲೇಮ್ ವಿಭಾಗದವರು ಆಂಪ್ ನೋಡುವ ಮೊದಲು ಪೆಟ್ಟಿಗೆ ನೋಡುತ್ತಾರೆ. ಅವರು ಕೇಳುವುದು ಮೂರು: ಕಳಿಸುವಾಗ ವಸ್ತು ಸರಿ ಇತ್ತೇ, ದಾರಿಯಲ್ಲೇ ಕೆಟ್ಟಿತೇ, ಪ್ಯಾಕಿಂಗ್ ಸಾಕಷ್ಟಿತ್ತೇ. ಮೊದಲೆರಡಕ್ಕೆ ಕಳಿಸಿದವರ ವಿಡಿಯೋ, ನಿಮ್ಮ ಫೋಟೋ ಸಾಕಾಗುತ್ತದೆ. ಅರ್ಜಿ ಬಿದ್ದುಹೋಗುವುದು ಮೂರನೆಯದರಲ್ಲಿ. 'ಪ್ಯಾಕಿಂಗ್ ಸಾಲದು' ಅಂತ ಒಂದು ಸಾಲಿನ ಉತ್ತರ ಬಂದಾಗ ಅದಕ್ಕೆ ಎದುರಾಗಿ ತೋರಿಸಲು ಆ ರಟ್ಟು, ಆ ಫೋಮ್ ಬಿಟ್ಟರೆ ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ. ಸರ್ವೇಯರ್ (ಹಾನಿ ಪರಿಶೀಲಿಸುವವರು) ಬಂದು ಪೆಟ್ಟಿಗೆ ಎಲ್ಲಿ ಅಂದಾಗ ಇಲ್ಲ ಅಂದರೆ ಕಡತ ಅಲ್ಲಿಗೇ ಮುಚ್ಚುತ್ತದೆ.

ಈಗ ಫೋಟೋ. ಎಲ್ಲರೂ ಒಡೆದ ಜಾಗವನ್ನೇ ಹತ್ತು ಸಲ ತೆಗೆಯುತ್ತಾರೆ, ಅದರಿಂದ ಪ್ರಯೋಜನ ಕಡಿಮೆ. ನಾನು ಹೇಳುವ ಕ್ರಮ ಇದು. ಪೆಟ್ಟಿಗೆಯ ಆರೂ ಮುಖ, ಚೆನ್ನಾಗಿರುವ ಮುಖಗಳೂ ಸೇರಿ, ಒಂದೊಂದು ಫೋಟೋ. ಲೇಬಲ್ ಹತ್ತಿರದಿಂದ, ಟ್ರ್ಯಾಕಿಂಗ್ ಸಂಖ್ಯೆ ಮತ್ತು ತೂಕ ಓದಲು ಬರುವ ಹಾಗೆ. ಜಜ್ಜಿದ ಮೂಲೆ ಹೊರಗಿನಿಂದ ಒಂದು, ಒಳಗಿನಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ರಟ್ಟಿನ ಅಂಚು ಹತ್ತಿರದಿಂದ, ಮೂರು ಪದರವೋ ಐದು ಪದರವೋ ಎಣಿಸಲು ಬರಬೇಕು. ಪೆಟ್ಟಿಗೆಯ ತಳದ ಮಡಿಕೆಯಲ್ಲಿ ತಯಾರಕರ ದುಂಡನೆಯ ಮುದ್ರೆ ಇದ್ದರೆ ಅದರಲ್ಲಿ ರಟ್ಟಿನ ಬಲ, ತಡೆಯುವ ತೂಕ ಬರೆದಿರುತ್ತದೆ. ಆ ಫೋಟೋ ಚಿನ್ನ. ಆಮೇಲೆ ಟೇಪ್. ಕಳಿಸಿದವರು ಹಾಕಿದ ಟೇಪ್ ಒಂದು ಬಗೆ, ಮಧ್ಯೆ ಯಾವುದೋ ಹಬ್‌ನಲ್ಲಿ ಹರಿದದ್ದಕ್ಕೆ ಕೊರಿಯರ್‌ನವರೇ ಸುತ್ತಿದ ಹೆಸರು ಮುದ್ರಿಸಿದ ಟೇಪ್ ಇನ್ನೊಂದು ಬಗೆ. ಎರಡನೆಯದು ಕಂಡರೆ ಬಿಡಬೇಡಿ. ಪೆಟ್ಟಿಗೆ ಅವರ ಕೈಯಲ್ಲಿದ್ದಾಗಲೇ ಒಡೆದಿತ್ತು ಅನ್ನುವುದಕ್ಕೆ ಅವರೇ ಅಂಟಿಸಿದ ಸಾಕ್ಷಿ ಅದು.

ಇನ್ನು ಮುಖ್ಯವಾದದ್ದು. ಆಂಪ್ ಅನ್ನು ಬಂದಿದ್ದ ಹಾಗೆಯೇ ಫೋಮ್‌ನೊಳಗೆ ಮತ್ತೆ ಕೂರಿಸಿ. ಪೆಟ್ಟಿಗೆಯ ಜಜ್ಜಿದ ಮೂಲೆ, ಅದರ ಹಿಂದೆ ಚಪ್ಪಟೆಯಾದ ಫೋಮ್, ಅದರ ಹಿಂದೆ ಸೊಟ್ಟಗಾದ ಪ್ಯಾನೆಲ್: ಮೂರೂ ಒಂದೇ ಗೆರೆಯಲ್ಲಿ ಬರುವಂತೆ ಮೇಲಿನಿಂದ ಒಂದು ಫೋಟೋ. ಹೊರಗಿನ ಪೆಟ್ಟೇ ಒಳಗಿನ ಹಾನಿಗೆ ಕಾರಣ ಅಂತ ಎರಡು ಪುಟ ಬರೆಯುವುದಕ್ಕಿಂತ ಈ ಒಂದು ಫೋಟೋ ಮೇಲು. ಆಂಪ್ ಮತ್ತು ಪೆಟ್ಟಿಗೆ ಗೋಡೆಯ ಮಧ್ಯೆ ಎಲ್ಲ ಬದಿಯಲ್ಲೂ ಎಷ್ಟು ಸೆಂಟಿಮೀಟರ್ ಫೋಮ್ ಇತ್ತು ಅನ್ನುವುದನ್ನೂ ಈ ಹೊತ್ತಿನಲ್ಲೇ ಅಳೆದು ಬರೆದಿಡಿ. ಸಾಮಾನ್ಯವಾಗಿ ಅವರು ನೋಡುವುದು ಎಲ್ಲ ಬದಿಗೂ 5 ಸೆಂ.ಮೀ. ಇದೆಯೇ ಅಂತ. ಪೂರ್ತಿ ಪಾರ್ಸೆಲ್ ತೂಗಿ ಲೇಬಲ್‌ನ ತೂಕದ ಜತೆ ಹೋಲಿಸಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಬೇಡಿ, ಅದು ಕುಗ್ಗಿಸುತ್ತದೆ, ತೆಗೆದ ದಿನ-ಸಮಯದ ದಾಖಲೆಯೂ ಹೋಗುತ್ತದೆ. ಮೂಲ ಫೈಲ್ ಈಮೇಲ್‌ಗೆ ಲಗತ್ತಿಸಿ.

ಈಗ ಪ್ಲಗ್ ಯಾಕೆ ಕಿತ್ತಿಡಿ ಅಂದೆ ಅಂದರೆ, ಬಿದ್ದ ಆಂಪ್‌ನಲ್ಲಿ ಮೊದಲು ಅಲುಗುವುದು ಟ್ರಾನ್ಸ್‌ಫಾರ್ಮರ್. ಒಟ್ಟು ತೂಕದ ದೊಡ್ಡ ಪಾಲು ಅದೊಂದರದ್ದೇ. ಟೊರಾಯ್ಡ್, ಅಂದರೆ ಬಳೆಯಾಕಾರದ್ದು, ಆದರೆ ನಡುವಿನ ಒಂದೇ ಬೋಲ್ಟ್ ಮೇಲೆ ಕೂತಿರುತ್ತದೆ. ಪೆಟ್ಟಿಗೆ ಮೂಲೆ ಮೇಲೆ ಬಿದ್ದಾಗ ಬೋಲ್ಟ್ ಸುತ್ತಲಿನ ತಗಡು ಬಾಗುತ್ತದೆ, ವೈರ್ ಇನ್ಸುಲೇಶನ್ ಉಜ್ಜಿ ಕತ್ತರಿಸಿಕೊಂಡರೆ ಚಾಸಿಸ್‌ಗೆ, ಅಂದರೆ ಲೋಹದ ಕವಚಕ್ಕೆ, ಕರೆಂಟ್ ಬರಬಹುದು. ಎರಡನೆಯದಾಗಿ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಬುಡದಲ್ಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಬಿರುಕು, ಹೀಟ್‌ಸಿಂಕ್ ಜಗ್ಗಿದ ಜಾಗದಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾಲು ಬಿಟ್ಟಿರುವುದು. ನಿಮ್ಮ ಎಡ ಚಾನೆಲ್ ಗುಂಯ್‌ಗುಡುವುದು ಇವುಗಳಲ್ಲಿ ಒಂದರಿಂದಲೇ ಇರಬಹುದು. ಇಂಥ ಆಂಪ್‌ಗೆ ಕರೆಂಟ್ ಕೊಟ್ಟರೆ ಚಿಕ್ಕ ಹಾನಿ ದೊಡ್ಡದಾಗುತ್ತದೆ, ಹೆಚ್ಚಾದ ಭಾಗಕ್ಕೆ ತಾವು ಹೊಣೆಯಲ್ಲ ಅಂತ ಕ್ಲೇಮ್ ವಿಭಾಗದವರು ಸರಿಯಾಗಿಯೇ ಹೇಳುತ್ತಾರೆ. ನೀವು ಈಗಾಗಲೇ ಒಮ್ಮೆ ಆನ್ ಮಾಡಿದ್ದೀರಿ. ಅದನ್ನು ಮುಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಸಾಗಾಟದ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಇನ್ನೊಂದು ಸಾಮಾನ್ಯ ಷರತ್ತು: ಹೊರಗೆ ಪೆಟ್ಟು ಕಾಣದೆ ಬರೀ ವಿದ್ಯುತ್ ಅಥವಾ ಯಾಂತ್ರಿಕ ದೋಷ ಇದ್ದರೆ ಹಣ ಇಲ್ಲ. ಹಾಗಾಗಿ ಅರ್ಜಿಯ ಮೊದಲ ಸಾಲಿನಲ್ಲೇ 'ಎಡ ಚಾನೆಲ್ ಕೆಲಸ ಮಾಡುತ್ತಿಲ್ಲ' ಅಂತ ಬರೆಯುವವರು ಸುಮ್ಮನೆ ಸೋಲುತ್ತಾರೆ. ಹೊರಗಿನಿಂದ ಒಳಕ್ಕೆ ಬನ್ನಿ: ಪೆಟ್ಟಿಗೆಯ ಮುಂದಿನ ಬಲಮೂಲೆ ಇಷ್ಟು ಸೆಂ.ಮೀ. ಒಳಕ್ಕೆ ಕುಸಿದಿದೆ, ಅದೇ ಮೂಲೆಯ ಫೋಮ್ ಚಪ್ಪಟೆಯಾಗಿದೆ, ಅದೇ ಮೂಲೆಯಲ್ಲಿ ಪ್ಯಾನೆಲ್ ಬಾಗಿದೆ, ಇದರ ಪರಿಣಾಮವಾಗಿ ಒಂದು ಚಾನೆಲ್ ನಿಂತಿದೆ.

ರಿಪೇರಿ ಬಿಲ್ ವಿಷಯ. ಸರ್ವೇ ಆಗುವ ಮುಂಚೆ, ಅಥವಾ ಸರ್ವೇ ಬೇಡ ಅಂತ ಬರಹದಲ್ಲಿ ಬರುವ ಮುಂಚೆ, ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ. ಬೇಕಾದ್ದು ಬಿಲ್ ಅಲ್ಲ, ಎಸ್ಟಿಮೇಟ್. ಸರ್ವಿಸ್ ಮಾಡುವವರ ಲೆಟರ್‌ಹೆಡ್ ಮೇಲೆ ಮಾಡೆಲ್, ಸೀರಿಯಲ್ ಸಂಖ್ಯೆ, ಬದಲಿಸಬೇಕಾದ ಪಾರ್ಟ್‌ಗಳ ಪಟ್ಟಿ, ಕೂಲಿ ಬೇರೆ ಸಾಲಿನಲ್ಲಿ, ಮತ್ತು ಈ ಹಾನಿ ಬಲವಾದ ಪೆಟ್ಟಿನಿಂದ ಆಗುವಂಥದ್ದು, ಹಳತಾಗಿ ಸವೆದದ್ದರಿಂದಲ್ಲ ಅನ್ನುವ ಒಂದು ವಾಕ್ಯ. ಅದು ಅವರಿಗೆ ನಿಜ ಅನ್ನಿಸಿದರೆ ಮಾತ್ರ ಬರೆಸಿ. ಇದೇ ಅವಕಾಶ ಅಂತ ಹಳೇ ಕೆಪಾಸಿಟರ್ ಬದಲಿಸುವುದು, ವಾಲ್ಯೂಮ್ ಕಂಟ್ರೋಲ್ ಕ್ಲೀನಿಂಗ್ ಎಲ್ಲ ಎಸ್ಟಿಮೇಟ್‌ಗೆ ಸೇರಿಸಬೇಡಿ. ಒಂದು ಸಂಬಂಧವಿಲ್ಲದ ಸಾಲು ಕಂಡರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ದುರಸ್ತಿ ಸಾಧ್ಯವಿಲ್ಲದಿದ್ದರೆ ಅದನ್ನೂ ಅವರಿಂದಲೇ ಬರೆಸಿ. ಪೂರ್ತಿ ಮೊತ್ತ ಕೊಟ್ಟರೆ ಆಂಪ್ ಅನ್ನು ಇನ್ಶೂರೆನ್ಸ್‌ನವರೇ ಒಯ್ಯಬಹುದು, ಪಾರ್ಟ್ಸ್‌ಗೆ ಇಟ್ಟುಕೊಳ್ಳೋಣ ಅಂತ ಬಿಚ್ಚಿಡಬೇಡಿ.

ಗಡುವಿನ ಬಗ್ಗೆ ಇಲ್ಲಿ ಕೆಲವರು 'ಒಂದು ತಿಂಗಳು ಟೈಮ್ ಇದೆ' ಅಂತ ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ, ಜನ ನಂಬುತ್ತಾರೆ. ಪ್ರತಿ ಕಂಪನಿಯ ಷರತ್ತು ಬೇರೆ, ಅಂಚೆಯದ್ದು ಮತ್ತೂ ಬೇರೆ. ದೇಶದಿಂದ ದೇಶಕ್ಕೆ ವಿಮಾನದಲ್ಲಿ ಬಂದ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವಲ್ಲಿ, ಹಾನಿ ಗೊತ್ತಾದ ಕೂಡಲೇ, ಎಷ್ಟೇ ತಡವಾದರೂ ಕೈಗೆ ಬಂದ 14 ದಿನದೊಳಗೆ ಲಿಖಿತ ದೂರು ಕೊಡಬೇಕು. ಯುರೋಪಿನ ಕಡೆ ಗಡಿ ದಾಟಿ ಲಾರಿಯಲ್ಲಿ ಬರುವ ಸರಕಿನ ಸಿಎಂಆರ್ ಒಪ್ಪಂದದಲ್ಲಿ ಕಣ್ಣಿಗೆ ಕಾಣುವ ಹಾನಿಯನ್ನು ಡೆಲಿವರಿ ಹೊತ್ತಿಗೇ ಹೇಳಬೇಕು, ಒಳಗಿನ ಹಾನಿಗೆ ಭಾನುವಾರ ಮತ್ತು ಸಾರ್ವಜನಿಕ ರಜೆ ಬಿಟ್ಟು 7 ದಿನ. ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಇವತ್ತೇ ಈಮೇಲ್ ಹಾಕಿ. ಎಸ್ಟಿಮೇಟ್, ಬೆಲೆ ಎಲ್ಲ ಆಮೇಲೆ ಕಳಿಸುತ್ತೇನೆ ಅಂತ ಬರೆದರೆ ಸಾಕು. ಸಹಿ ಮಾಡುವಾಗ 'ಪರಿಶೀಲನೆಗೆ ಒಳಪಟ್ಟು' ಅಂತ ಬರೆದರೆ ಆಯಿತು ಅಂದುಕೊಂಡವರು ಬಹಳ. ಅದರಿಂದ ಹೆಚ್ಚು ಉಪಯೋಗವಿಲ್ಲ. 'ಬಲಮೂಲೆ ಕುಸಿದಿದೆ, ಪಕ್ಕದಲ್ಲಿ ತೂತು' ಅಂತ ನಿರ್ದಿಷ್ಟವಾಗಿ ಬರೆಯಬೇಕು. ನೀವು ಏನೂ ಬರೆಯದೆ ಸಹಿ ಹಾಕಿದ್ದೀರಿ. ಅದರಿಂದ ಕ್ಲೇಮ್ ಸಾಯುವುದಿಲ್ಲ, ಆದರೆ ಡೆಲಿವರಿ ಹೊತ್ತಿಗೆ ಸರಿ ಇತ್ತು ಅನ್ನುವ ಊಹೆಯನ್ನು ಮುರಿಯುವ ಭಾರ ಈಗ ನಿಮ್ಮ ಮೇಲೆ. ಅದಕ್ಕೇ ಅಷ್ಟು ಫೋಟೋ.

ಅರ್ಜಿ ಹಾಕುವವರು ಯಾರು? ಬಹುಪಾಲು ಕೊರಿಯರ್‌ಗಳಲ್ಲಿ ಒಪ್ಪಂದ ಇರುವುದು ಕಳಿಸಿದವರ ಜತೆ, ಹಾಗಾಗಿ ಅವರೇ ಹಾಕಬೇಕಾಗುತ್ತದೆ. ನಿಮಗೆ ಮಾರಿದವರನ್ನು ಇವತ್ತೇ ಜತೆಗೆ ಹಾಕಿಕೊಳ್ಳಿ. ಕೋಪದಲ್ಲಿ ಅವರ ಜತೆ ಜಗಳಕ್ಕೆ ಇಳಿದು ಆಂಪ್ ವಾಪಸ್ ಕಳಿಸಿಬಿಡಬೇಡಿ. ಎರಡನೇ ಪ್ರಯಾಣ ಆದಮೇಲೆ ಯಾವ ಹಾನಿ ಯಾವ ದಾರಿಯಲ್ಲಿ ಆಯಿತು ಅಂತ ಹೇಳಲು ಯಾರಿಂದಲೂ ಆಗದು. ಮತ್ತು ಅವರನ್ನು ಸ್ಪಷ್ಟವಾಗಿ ಕೇಳಿ: ಮಾಡಿಸಿದ್ದು ಇನ್ಶೂರೆನ್ಸೋ, ಬರೀ ಡಿಕ್ಲೇರ್ಡ್ ವ್ಯಾಲ್ಯೂವೋ? ಎರಡೂ ಒಂದೇ ಅಲ್ಲ. ಮೌಲ್ಯ ಘೋಷಿಸಿದರೆ ಕೊರಿಯರ್‌ನ ಹೊಣೆಯ ಮಿತಿ ಮೇಲೇರುತ್ತದೆ ಅಷ್ಟೆ. ಪ್ಯಾಕಿಂಗ್ ಚೆನ್ನಾಗಿತ್ತು, ಹಾನಿ ಇಷ್ಟು ಅಂತ ತೋರಿಸುವ ಕೆಲಸ ನಿಮ್ಮದೇ. ಏನೂ ಘೋಷಿಸದಿದ್ದರೆ ಮಿತಿ ತೂಕದ ಲೆಕ್ಕಕ್ಕೆ ಹೋಗಬಹುದು. ಮಾಂಟ್ರಿಯಲ್ ಒಪ್ಪಂದದಲ್ಲಿ ಅದು 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್, ಅಂದರೆ ಐಎಂಎಫ್‌ನ ಲೆಕ್ಕದ ಘಟಕ. ಸಿಎಂಆರ್‌ನಲ್ಲಿ ಕಿಲೋಗೆ 8.33 ಎಸ್‌ಡಿಆರ್. ಭಾರದ ಆಂಪ್‌ಗೆ ಇದರಿಂದ ಸ್ವಲ್ಪವಾದರೂ ಬರುತ್ತದೆ, ಹೆಬ್ಬೆರಳ ಗಾತ್ರದ ದುಬಾರಿ ಫೋನೋ ಕಾರ್ಟ್ರಿಜ್‌ಗೆ (ರೆಕಾರ್ಡ್ ಪ್ಲೇಯರ್‌ನ ಮುಳ್ಳು ಇರುವ ಬಿಡಿಭಾಗಕ್ಕೆ) ಬರುವುದು ಏನೂ ಇಲ್ಲ ಅನ್ನುವಷ್ಟು.

ಬೆಲೆಗೆ ಪುರಾವೆ ಅಂದರೆ ನೀವು ಹಣ ಕೊಟ್ಟ ದಾಖಲೆ, ಜತೆಗೆ ಅದೇ ಮಾಡೆಲ್ ನಿಜವಾಗಿ ಮಾರಾಟವಾದ ಎರಡು ಮೂರು ಉದಾಹರಣೆ. ಯಾರೋ ಕೇಳುತ್ತಿರುವ ಬೆಲೆ ಪುರಾವೆಯಲ್ಲ. ಹೊಸದಾಗಿದ್ದಾಗಿನ ಬೆಲೆಯೂ ಅಲ್ಲ.

ತಿರಸ್ಕಾರ ಬಂದರೆ ಅಲ್ಲಿಗೆ ಬಿಡುವುದೂ ತಪ್ಪು. ಯಾವ ಷರತ್ತಿನ ಪ್ರಕಾರ, ಯಾವ ಫೋಟೋ ನೋಡಿ ಪ್ಯಾಕಿಂಗ್ ಸಾಲದು ಅಂದಿರಿ ಅಂತ ಬರಹದಲ್ಲಿ ಕೇಳಿ. ಅವರದ್ದೇ ಪ್ಯಾಕಿಂಗ್ ಸೂಚನೆಯ ಪುಟ ಎದುರಿಗಿಟ್ಟು ಒಂದೊಂದು ಅಂಶಕ್ಕೂ ನಿಮ್ಮ ಅಳತೆ ಬರೆಯಿರಿ. ಮಾಡೆಲ್‌ನ ಕಂಪನಿ ಪೆಟ್ಟಿಗೆ ಇದ್ದರೆ ಅದರ ಮೇಲೆ ಇಸ್ಟಾ (ಸಾಗಾಟದ ಪ್ಯಾಕಿಂಗ್‌ಗೆ ಪರೀಕ್ಷೆಗಳನ್ನು ರೂಪಿಸುವ ಸಂಸ್ಥೆ) ಪರೀಕ್ಷೆಯ ಗುರುತು ಇದೆಯೇ ನೋಡಿ. 3ಎ ಅನ್ನುವುದು 70 ಕಿಲೋವರೆಗಿನ ಪಾರ್ಸೆಲ್‌ಗಳ ಪರೀಕ್ಷೆ, ಅದಿದ್ದರೆ ವಾದ ಗಟ್ಟಿ. ಆದರೆ ಕಂಪನಿ ಪೆಟ್ಟಿಗೆ ಇದ್ದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಪ್ಯಾಲೆಟ್ ಮೇಲೆ ಜೋಡಿಸಿ ಸಾಗಿಸಲು ಮಾಡಿದ ಪೆಟ್ಟಿಗೆಗಳು ಎಷ್ಟೋ ಇವೆ, ಒಂಟಿ ಪಾರ್ಸೆಲ್ ಆಗಿ ಬೆಲ್ಟ್ ಮೇಲಿಂದ ಉರುಳುವುದನ್ನು ಅವು ತಡೆಯವು. ಹಳೆಯ ಥರ್ಮಾಕೋಲ್ ಒಮ್ಮೆ ನಜ್ಜಾದರೆ ಮತ್ತೆ ಉಬ್ಬುವುದಿಲ್ಲ, ಎರಡನೇ ಪೆಟ್ಟು ನೇರ ಆಂಪ್‌ಗೇ.

ಮುಂದೆ ನೀವೇ ಕಳಿಸುವಾಗ: ಪೆಟ್ಟಿಗೆಯೊಳಗೆ ಪೆಟ್ಟಿಗೆ, ಹೊರಗಿನದು ಕನಿಷ್ಠ ಐದು ಪದರ, ಎರಡರ ಮಧ್ಯೆ 5 ಸೆಂ.ಮೀ.ಗೆ ಕಡಿಮೆ ಇಲ್ಲದಂತೆ ಗಟ್ಟಿ ಇಪಿಇ (ಪಾಲಿಥಿನ್) ಫೋಮ್ ದಿಂಡುಗಳು. ಬರೀ ಬಬಲ್ ರ‍್ಯಾಪ್ ಭಾರದ ಆಂಪ್ ಕೆಳಗೆ ಒಡೆದು ಚಪ್ಪಟೆಯಾಗುತ್ತದೆ. ಕಡಲೆಕಾಯಿ ಆಕಾರದ ಸಡಿಲ ಫೋಮ್ ಅಂತೂ ಬೇಡವೇ ಬೇಡ, ಭಾರದ ವಸ್ತು ಅಲುಗಾಡುತ್ತಾ ತಳಕ್ಕೆ ಇಳಿಯುತ್ತದೆ. ಆಂಪ್ ಕಂಪನಿ ಮ್ಯಾಕಿಂಟಾಶ್‌ನವರು ಆಂಪ್ ಅನ್ನು ಪ್ಲೈವುಡ್ ಹಲಗೆಗೆ ಸ್ಕ್ರೂ ಹಾಕಿ ಪೆಟ್ಟಿಗೆಗೆ ಇಳಿಸುವುದನ್ನು ನೋಡಿ ಕಲಿಯಬೇಕು. ಹಳೇ ಮ್ಯಾಕಿಂಟಾಶ್ ಕೊಳ್ಳುವವರು ಆ ಹಲಗೆ ಇದೆಯೇ ಅಂತ ಮೊದಲು ಕೇಳಿ. ವಾಲ್ವ್ ಆಂಪ್ ಆದರೆ ಗಾಜಿನ ವಾಲ್ವ್‌ಗಳನ್ನು ಕಿತ್ತು, ಸಾಕೆಟ್ ನಂಬರ್ ಬರೆದು, ಬೇರೆಯಾಗಿ ಸುತ್ತಿ; ಗಾಜಿಗೆ ಪರಿಹಾರ ಇಲ್ಲ ಅನ್ನುವ ಷರತ್ತು ಇದೆಯೇ ಅಂತಲೂ ಓದಿ.

ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಕಳಿಸುವವರಿಗೆ ಇನ್ನೂ ಕಟುವಾಗಿ ಹೇಳುತ್ತೇನೆ. ಪ್ಲ್ಯಾಟರ್ (ರೆಕಾರ್ಡ್ ಇಡುವ ತಟ್ಟೆ) ಕೂರಿಸಿಯೇ ಕಳಿಸುವುದು ಅಪರಾಧ. ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಮೋಟಾರಿನ ಮ್ಯಾಗ್ನೆಟ್ ಪ್ಲ್ಯಾಟರ್ ಅಡಿಯಲ್ಲೇ ಇದೆ, ಅದು ಕುಣಿದರೆ ಸ್ಪಿಂಡಲ್ ಮತ್ತು ಕಾಯಿಲ್ ಎರಡಕ್ಕೂ ಅಪಾಯ. ಕೌಂಟರ್‌ವೇಟ್, ಹೆಡ್‌ಶೆಲ್ ಕಳಚಿ, ಟೋನ್‌ಆರ್ಮ್ ಕಟ್ಟಿ, ಮುಚ್ಚಳ ಬೇರೆ ಮಾಡಿ. ಥೋರೆನ್ಸ್ ಟಿಡಿ 160 ಥರದ್ದಕ್ಕೆ ಟ್ರಾನ್ಸಿಟ್ ಸ್ಕ್ರೂ (ಸಾಗಾಟದಲ್ಲಿ ಅಲುಗದಂತೆ ಹಿಡಿಯುವುದು) ಬಿಗಿಯಲೇಬೇಕು, ಲಿನ್ ಎಲ್‌ಪಿ12ರ ತೂಗುವ ಸಬ್-ಚಾಸಿಸ್ ಅಲುಗದ ಹಾಗೆ ಆನಿಕೆ ಕೊಡಬೇಕು. ಸ್ಪೀಕರ್ ಬಂದರೆ ಹೊರಗಿನ ಗೀರು ನೋಡಿ ಸುಮ್ಮನಾಗಬೇಡಿ: ಕೋನ್ ಅನ್ನು ಎರಡೂ ಬದಿ ಬೆರಳಿಟ್ಟು ಸಮವಾಗಿ ಒತ್ತಿ, ಕರಕರ ಅಂದರೆ ಬಿದ್ದ ಏಟಿಗೆ ಮ್ಯಾಗ್ನೆಟ್ ಜರುಗಿ ವಾಯ್ಸ್ ಕಾಯಿಲ್ ಉಜ್ಜುತ್ತಿರಬಹುದು. ಜೋಡಿ ಸ್ಪೀಕರ್ ಎರಡು ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಹೋಗುವುದಾದರೆ ಎರಡೂ ಒಂದೇ ಏರ್‌ವೇ ಬಿಲ್‌ನಲ್ಲಿ (ವಿಮಾನ ಸರಕಿನ ದಾಖಲೆ ಪತ್ರದಲ್ಲಿ) ಹೋಗಲಿ. ಒಂದು ಕೆಟ್ಟು ಇನ್ನೊಂದರ ಬೆಲೆಯೂ ಇಳಿದರೆ ಮಾಂಟ್ರಿಯಲ್ ಒಪ್ಪಂದದಲ್ಲಿ ಮಿತಿಯ ಲೆಕ್ಕಕ್ಕೆ ಎರಡರ ತೂಕವೂ ಸೇರುತ್ತದೆ.

ಸರ್, ಪೆಟ್ಟಿಗೆ ಸಿಕ್ಕಿದರೆ ಜಜ್ಜಿದ ಮೂಲೆಯ ಒಳಗಿನ ಫೋಟೋ, ರಟ್ಟಿನ ಅಂಚಿನ ಫೋಟೋ ಇಲ್ಲೇ ಹಾಕಿ. ಎಷ್ಟು ಪದರ, ಎಷ್ಟು ಫೋಮ್ ಅಂತ ನೋಡಿ, ಇವತ್ತು ಕಳಿಸಬೇಕಾದ ಮೊದಲ ಈಮೇಲ್‌ನಲ್ಲಿ ಏನು ಬರೆಯಬೇಕು ಅನ್ನುವುದನ್ನು ಸಾಲು ಸಾಲಾಗಿ ಹೇಳುತ್ತೇನೆ.