ಶೀಲ್ಡ್ ಕೇಬಲ್ ಹಾಕಿದರೂ ಗುಂಯ್‌ಗುಟ್ಟುವುದು ನಿಲ್ಲಲಿಲ್ಲ, ಏಕೆ?

ಪ್ರಶ್ನೆ: ಟರ್ನ್‌ಟೇಬಲ್‌ನಲ್ಲಿ ರೆಕಾರ್ಡ್ ಹಾಕಿದಾಗಲೆಲ್ಲ ಸ್ಪೀಕರ್‌ನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಎರಡು ಪದರ ಶೀಲ್ಡ್ ಇರುವ ದುಬಾರಿ ಕೇಬಲ್ ತಂದು ಹಾಕಿದೆ. ಸದ್ದು ಹಾಗೆಯೇ ಇದೆ, ಮೇಲಾಗಿ ರೆಕಾರ್ಡಿನ ಧ್ವನಿಯೇ ಮಂಕಾದಂತಿದೆ. ಅದೇ ಕೇಬಲನ್ನು ಸಿ.ಡಿ. ಪ್ಲೇಯರ್‌ಗೆ ಹಾಕಿದರೆ ಏನೂ ವ್ಯತ್ಯಾಸವಿಲ್ಲ. ಇದು ನನ್ನ ಭ್ರಮೆಯೇ? ಸ್ಪೀಕರ್ ತಂತಿಗೂ ಶೀಲ್ಡ್ ಬೇಕೇ?

ಉತ್ತರ: ಭ್ರಮೆ ಇರಲಾರದು. ನೀವು ಹೇಳಿದ ಮೂರೂ ಸಂಗತಿಗಳು ಒಂದಕ್ಕೊಂದು ಹೊಂದುತ್ತವೆ.

ಶೀಲ್ಡ್ ಎಂದರೆ ಸಿಗ್ನಲ್ ತಂತಿಯ ಸುತ್ತ ಹೊದಿಸಿದ ತಾಮ್ರದ ಹೆಣಿಗೆ ಅಥವಾ ಅಲ್ಯೂಮಿನಿಯಂ ಫಾಯಿಲ್. ಹೊರಗಿನ ವಿದ್ಯುತ್ ಕ್ಷೇತ್ರವನ್ನು ತಡೆಯುವುದು ಅದರ ಕೆಲಸ. ಸಂಗೀತಕ್ಕೆ ಅದು ಏನನ್ನೂ ಸೇರಿಸುವುದಿಲ್ಲ. ಆದರೆ ಆಂಪ್ಲಿಫೈಯರ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಸುತ್ತಲಿನ 50 ಅಥವಾ 60 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಈ ತೆಳು ಹೊದಿಕೆ ಲೆಕ್ಕಕ್ಕೇ ಇಲ್ಲ. 50 ಹರ್ಟ್ಸ್‌ನಲ್ಲಿ ತಾಮ್ರ ಪರಿಣಾಮಕಾರಿ ಗೋಡೆಯಾಗಬೇಕಾದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ದಪ್ಪ ಬೇಕು. ಅಂಥ ಕೇಬಲನ್ನು ಬಗ್ಗಿಸುವವರು ಯಾರು?

ಇನ್ನೊಂದು ತೊಡಕಿದೆ. ಆಡಿಯೋ ಉಪಕರಣಗಳನ್ನು ಜೋಡಿಸುವ ಮಾಮೂಲಿ ಆರ್‌ಸಿಎ ಕೇಬಲ್‌ನಲ್ಲಿ ಸಿಗ್ನಲ್ ಹಿಂದಿರುಗುವ ದಾರಿಯೂ ಸಾಮಾನ್ಯವಾಗಿ ಶೀಲ್ಡೇ. ಎರಡು ಉಪಕರಣಗಳ ಅರ್ಥಿಂಗ್ ನಡುವೆ ಅಲ್ಪ ಕರೆಂಟ್ ಸುತ್ತಾಡಿದರೆ, ಅದು ಶೀಲ್ಡ್‌ನ ಮೂಲಕವೇ ಹರಿದು ನೇರವಾಗಿ ಸಿಗ್ನಲ್‌ಗೆ ಬೆರೆಯುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಇನ್ನೊಂದು ಪದರ ಸುತ್ತಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಸಿ.ಡಿ. ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಟರ್ನ್‌ಟೇಬಲ್‌ನ ಮುಳ್ಳಿನ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಅಂದರೆ 400 ಪಟ್ಟು ಕಡಿಮೆ. ಸಿ.ಡಿ.ಯಲ್ಲಿ ಕಿವಿಗೇ ಬೀಳದ ಗದ್ದಲ ರೆಕಾರ್ಡಿನಲ್ಲಿ ಗುಂಯ್‌ಗುಟ್ಟುವುದು ಇದಕ್ಕೇ. ಮೊದಲು ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ಗ್ರೌಂಡ್ ತಂತಿ ಆಂಪ್ಲಿಫೈಯರ್‌ನ ಗ್ರೌಂಡ್ ತಿರುಪಿಗೆ ಬಿಗಿಯಾಗಿ ಸೇರಿದೆಯೇ ನೋಡಿ. ಆಮೇಲೆ ಟರ್ನ್‌ಟೇಬಲನ್ನು ಆಂಪ್ಲಿಫೈಯರ್‌ನಿಂದ ಒಂದೆರಡು ಅಡಿ ದೂರ ಸರಿಸಿ, ಇಲ್ಲವೇ ತಿರುಗಿಸಿ. ಸದ್ದು ಏರಿಳಿದರೆ ಕಳ್ಳ ಟ್ರಾನ್ಸ್‌ಫಾರ್ಮರೇ. ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದು ಜೀವಕ್ಕೇ ಅಪಾಯ.

ಇನ್ನು ಮಂಕುತನ. ಶೀಲ್ಡ್‌ಗೂ ಒಳಗಿನ ತಂತಿಗೂ ನಡುವೆ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಗುಣ, ಇದ್ದೇ ಇರುತ್ತದೆ; ಅದನ್ನು ಅಳೆಯುವುದು ಪಿಕೋಫ್ಯಾರಡ್‌ಗಳಲ್ಲಿ. ಒಳ್ಳೆಯ ಕೇಬಲ್‌ನಲ್ಲಿ ಮೀಟರಿಗೆ 50ರಿಂದ 100 ಪಿಕೋಫ್ಯಾರಡ್, ಕೆಲವು ದಟ್ಟ ಶೀಲ್ಡ್‌ನವುಗಳಲ್ಲಿ ಇನ್ನೂ ಹೆಚ್ಚು. ಸಿ.ಡಿ. ಪ್ಲೇಯರ್‌ಗೆ ಇದು ಲೆಕ್ಕಕ್ಕಿಲ್ಲ: ಅದರ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 1 ಕಿಲೋಓಮ್, ಕೇಬಲ್ 300 ಪಿಕೋಫ್ಯಾರಡ್ ಎಂದಿಟ್ಟುಕೊಂಡರೂ ಧ್ವನಿ ಇಳಿಯತೊಡಗುವುದು 500 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ. ಬಾವಲಿಗೂ ಕೇಳಿಸದು. ಕಾರ್ಟ್ರಿಜ್‌ನ ಕಥೆಯೇ ಬೇರೆ. ಅದರ ಸುರುಳಿಯ ಇಂಡಕ್ಟೆನ್ಸ್, ಅಂದರೆ ಕರೆಂಟ್ ಬದಲಾಗುವುದನ್ನು ವಿರೋಧಿಸುವ ಗುಣ, ಅರ್ಧ ಹೆನ್ರಿಯಷ್ಟಿರಬಹುದು. ಕೇಬಲ್ ಮತ್ತು ಫೋನೋ ಇನ್‌ಪುಟ್ (ಆಂಪ್ಲಿಫೈಯರ್‌ನಲ್ಲಿ ಟರ್ನ್‌ಟೇಬಲ್ ಜೋಡಿಸುವ ಜಾಗ) ಸೇರಿ 200 ಪಿಕೋಫ್ಯಾರಡ್ ಇದ್ದರೆ, ಸುರುಳಿ ಮತ್ತು ಕೆಪಾಸಿಟೆನ್ಸ್ ಕೂಡಿ ಉಂಟಾಗುವ ಅನುರಣನ (ರೆಸೊನೆನ್ಸ್) ಸುಮಾರು 16 ಕಿಲೋಹರ್ಟ್ಸ್‌ನಲ್ಲಿರುತ್ತದೆ; 500 ಆದರೆ 10ಕ್ಕೆ ಇಳಿಯುತ್ತದೆ. ಅದರಾಚೆಯ ಸ್ವರಗಳು ಬೇಗ ಸೊರಗುತ್ತವೆ. ನೀವು ಮಂಕು ಎಂದದ್ದು ಬಹುಶಃ ಇದನ್ನೇ. ಕಾರ್ಟ್ರಿಜ್‌ನ ಕೈಪಿಡಿಯಲ್ಲಿ ಎಷ್ಟು ಪಿಕೋಫ್ಯಾರಡ್ ಇರಬೇಕೆಂದು ಬರೆದಿರುತ್ತಾರೆ. ಶೀಲ್ಡ್ ಎಷ್ಟು ಪದರ ಎನ್ನುವುದಕ್ಕಿಂತ ಆ ಸಂಖ್ಯೆ ನೋಡಿ, ಉದ್ದ ಕಡಿಮೆಯಿರುವ, ಕಡಿಮೆ ಕೆಪಾಸಿಟೆನ್ಸ್‌ನ ಕೇಬಲ್ ಕೊಳ್ಳಿ. ಹಳೆಯದನ್ನು ಬಿಸಾಡಿಲ್ಲ ತಾನೆ? ಅದನ್ನೇ ಮತ್ತೆ ಹಾಕಿ, ಹೊಸದನ್ನು ಸಿ.ಡಿ. ಪ್ಲೇಯರ್‌ಗೆ ಬಿಡಿ.

ಸ್ಪೀಕರ್ ತಂತಿಗೆ ಶೀಲ್ಡ್ ಬೇಡ. ಅಲ್ಲಿ ಹರಿಯುವುದು ವೋಲ್ಟ್‌ಗಟ್ಟಲೆ ಸಿಗ್ನಲ್, ಅದರಾಚೆ ಅದನ್ನು ವರ್ಧಿಸುವ ಹಂತವೂ ಇಲ್ಲ. ಆ ಹಣದಲ್ಲಿ ದಪ್ಪನೆಯ ತಂತಿ ಹಾಕಿ.