ಕೈಯಲ್ಲಿ ಮಾಡಿದ ಚಂದದ ಬೇಟೆ ಚಾಕುವನ್ನು ಬಳಸಬೇಕಾ, ಸುಮ್ನೆ ಎತ್ತಿಡಬೇಕಾ?

ಬಳಸಿ. ಅಲಗಿನ ಮೇಲೆ ಕೆತ್ತನೆ, ಬೆಳ್ಳಿ ಕೆಲಸ ಇದ್ದರೆ ಮಾತ್ರ ಎತ್ತಿಡಿ. ಪದೇ ಪದೇ ಸಾಣೆ ಹಿಡಿದರೆ ಅದು ಸವೆಯುತ್ತದೆ.

ಇಂಥ ಚಾಕುಗಳು ಹೆಚ್ಚಾಗಿ ಕಾರ್ಬನ್ ಉಕ್ಕಿನವು. ಕೊಪ್ಪಳದ ಕಡೆ ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ಬಡಿದು ಮಾಡಿಕೊಡುವುದೂ ಇದೇ ಜಾತಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ, ತುಕ್ಕು ತಡೆಯುವುದು ಅದೇ. ಕಾರ್ಬನ್ ಉಕ್ಕಿನಲ್ಲಿ ಅಷ್ಟಿರುವುದಿಲ್ಲ, ಅದಕ್ಕೇ ಬೇಗ ತುಕ್ಕು ಹಿಡಿಯುತ್ತದೆ. ಆದರೆ ಈರುಳ್ಳಿ, ಮಾವಿನಕಾಯಿ, ಮಾಂಸ ಕತ್ತರಿಸಿ, ತೊಳೆದು ಒರೆಸುತ್ತಾ ಹೋದರೆ ಅಲಗಿನ ಮೇಲೆ ಬೂದು ಬಣ್ಣದ ತೆಳು ಪದರ ಕೂರುತ್ತದೆ. ಕೆಂಪು ತುಕ್ಕನ್ನು ಅದು ಒಂದಷ್ಟು ತಡೆಯುತ್ತದೆ. ನನಗಂತೂ ಹೊಳೆಯುವ ಅಲಗಿಗಿಂತ ಆ ಬಣ್ಣವೇ ಚಂದ.

ಚಾಕು ಜಾಸ್ತಿ ಹಾಳಾಗುವುದು ತೊಗಲಿನ ಒರೆಯಲ್ಲಿ ಹಾಕಿ ಮರೆತಾಗ. ತೊಗಲು ತೇವ ಹಿಡಿದಿಡುತ್ತದೆ, ಅದನ್ನು ಹದ ಮಾಡಿದ ರಾಸಾಯನಿಕವೂ ಉಕ್ಕನ್ನು ತಿನ್ನುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ತುಕ್ಕಿನ ಭಯ ಕಡಿಮೆ, ಮರದ ಹಿಡಿ ಒಣಗಿ ಸೀಳಬಹುದು ಅಷ್ಟೇ. ಮಳೆಗಾಲದಲ್ಲಿ ಹುಷಾರು. ಎತ್ತಿಡುವುದಾದರೆ ಒರೆಯಿಂದ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಸವರಿ. ಶೇಂಗಾ ಎಣ್ಣೆ ಬೇಡ, ಅಂಟಂಟಾಗುತ್ತದೆ.

ಬಳಕೆ ಅಂದರೆ ಅಡುಗೆಮನೆ, ಹೊಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಬೇಟೆ ಅಪರಾಧ, ಗೊತ್ತಲ್ವಾ?