ಒಂದು ಚಮಚ ಶ್ವೇತ ಕುಬ್ಜ ನಿಜಕ್ಕೂ ಎಷ್ಟು ತೂಗುತ್ತದೆ?

ಶ್ವೇತ ಕುಬ್ಜ ನಕ್ಷತ್ರದ (ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು) ಒಂದು ಚಮಚ ದ್ರವ್ಯ ಹಲವು ಟನ್ ತೂಗುತ್ತದೆಂಬುದು ನಿಜವೇ, ಅಷ್ಟು ಭಾರದ ಆ ವಸ್ತು ಯಾವುದು ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ವಸ್ತು ಅಪರೂಪದ್ದೇನಲ್ಲ, ಹೆಚ್ಚಿನ ಶ್ವೇತ ಕುಬ್ಜಗಳಲ್ಲಿ ಇರುವುದು ಇಂಗಾಲ ಮತ್ತು ಆಮ್ಲಜನಕ, ಮೇಲೆ ತೆಳುವಾಗಿ ಹೀಲಿಯಂ, ಜಲಜನಕ. ಪೆನ್ಸಿಲ್ ಕಡ್ಡಿಯಲ್ಲಿರುವುದೂ ಇದೇ ಇಂಗಾಲ. ವ್ಯತ್ಯಾಸವೆಲ್ಲ ಅದನ್ನು ಅಡಕಿದ ಬಗೆಯಲ್ಲಿದೆ.

ಇನ್ನು ತೂಕ. ಇದನ್ನು ಯಾರೋ ಹೇಳಿದರೆಂದು ನಂಬಬೇಕಾಗಿಲ್ಲ, ಲೆಕ್ಕ ಹಾಕಬಹುದು. ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ ಲುಬ್ಧಕಕ್ಕೆ (ಸಿರಿಯಸ್) ಒಂದು ಮಂಕಾದ ಸಂಗಾತಿಯಿದೆ, ಅದೊಂದು ಶ್ವೇತ ಕುಬ್ಜ. ಲುಬ್ಧಕ ಓಲಾಡುತ್ತಾ ಸಾಗುವುದನ್ನು ಗಮನಿಸಿದ ಜರ್ಮನ್ ಖಗೋಳಶಾಸ್ತ್ರಜ್ಞ ಬೆಸೆಲ್, ಕಣ್ಣಿಗೆ ಕಾಣದ ಯಾವುದೋ ಅದನ್ನು ಎಳೆಯುತ್ತಿದೆ ಎಂದು 1844ರಲ್ಲೇ ಊಹಿಸಿದ್ದ. 1862ರಲ್ಲಿ ಅಮೆರಿಕದ ದೂರದರ್ಶಕ ತಯಾರಕ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕವೊಂದನ್ನು ಪರೀಕ್ಷಿಸುವಾಗ ಅದು ಕಣ್ಣಿಗೇ ಬಿತ್ತು. ಅದರ ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟು. ತ್ರಿಜ್ಯ ಮಾತ್ರ ಸುಮಾರು 5,800 ಕಿ.ಮೀ., ಅಂದರೆ ಭೂಮಿಗಿಂತ ತುಸು ಚಿಕ್ಕದು, ಸೂರ್ಯನ 120ನೆಯ ಒಂದು ಪಾಲು. ತ್ರಿಜ್ಯ 120 ಪಟ್ಟು ಕುಗ್ಗಿದರೆ ಗಾತ್ರ 120ರ ಘನದಷ್ಟು, ಅಂದರೆ ಸುಮಾರು 17 ಲಕ್ಷ ಪಟ್ಟು ಕುಗ್ಗುತ್ತದೆ. ಸೂರ್ಯನ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ. ಗುಣಿಸಿ ನೋಡಿ: ಸುಮಾರು 24 ಲಕ್ಷ ಗ್ರಾಂ, ಅಂದರೆ 2.4 ಟನ್. ಐದು ಘನ ಸೆಂಟಿಮೀಟರಿನ ಚಮಚಕ್ಕೆ ಹನ್ನೆರಡು ಟನ್ ಆಯಿತು. ಆದರೆ ಎಲ್ಲ ಶ್ವೇತ ಕುಬ್ಜಗಳೂ ಇಷ್ಟು ದಟ್ಟವಲ್ಲ. ಸೂರ್ಯನ 0.6ರಷ್ಟು ದ್ರವ್ಯರಾಶಿಯ ಸಾಧಾರಣ ಶ್ವೇತ ಕುಬ್ಜದಲ್ಲಿ ಅದೇ ಚಮಚ ಎರಡು ಟನ್ನಿನ ಆಸುಪಾಸು. ಕೋಟಿಗಟ್ಟಲೆ ಟನ್ ಎಂದು ಎಲ್ಲಾದರೂ ಓದಿದ್ದರೆ ಅದು ಇನ್ನೂ ಎಷ್ಟೋ ದಟ್ಟವಾದ ಬೇರೊಂದು ಬಗೆಯ, ನ್ಯೂಟ್ರಾನ್ ನಕ್ಷತ್ರದ ಮಾತು. ಎರಡನ್ನೂ ಕಲಸಿ ಬರೆಯುವವರು ಬಹಳ ಮಂದಿ.

ಇಷ್ಟು ಅಡಕಲು ಹೇಗೆ ಸಾಧ್ಯ? ಪರಮಾಣುವಿನ ಬೀಜ ಇಡೀ ಪರಮಾಣುವಿನ ಹತ್ತು ಸಾವಿರದ ಒಂದು ಪಾಲಿನಷ್ಟು ಅಗಲವೂ ಇರುವುದಿಲ್ಲ, ಆದರೆ ತೂಕವೆಲ್ಲ ಅದರಲ್ಲೇ. ಉಳಿದ ಜಾಗ ಎಲೆಕ್ಟ್ರಾನುಗಳದು. ಇಂಧನ ಮುಗಿದು ಬೈಜಿಕ ಸಮ್ಮಿಲನ (ಬೀಜಗಳು ಬೆಸೆದು ಶಕ್ತಿ ಕೊಡುವ ಕ್ರಿಯೆ) ನಿಂತ ಮೇಲೆ ಗುರುತ್ವ ಎಲ್ಲವನ್ನೂ ಒಳಕ್ಕೆ ಹಿಸುಕುತ್ತದೆ, ಎಲೆಕ್ಟ್ರಾನುಗಳು ಬೀಜಗಳಿಂದ ಕಳಚಿಕೊಳ್ಳುತ್ತವೆ, ಜಾಗ ಇಕ್ಕಟ್ಟಾಗುತ್ತದೆ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿರುವಂತಿಲ್ಲ ಎಂಬುದು ಭೌತವಿಜ್ಞಾನಿ ಪೌಲಿಯ ನಿಯಮ. ಕೆಳಗಿನ ಸ್ಥಾನಗಳು ಭರ್ತಿಯಾದಂತೆ ಉಳಿದವು ಹೆಚ್ಚು ಹೆಚ್ಚು ವೇಗದ ಸ್ಥಾನಗಳಿಗೆ ಏರಲೇಬೇಕು. ಲುಬ್ಧಕದ ಸಂಗಾತಿಯೊಳಗೆ ಅತಿ ವೇಗದವು ಬೆಳಕಿನ ಅರ್ಧಕ್ಕೂ ಹೆಚ್ಚು ವೇಗದಲ್ಲಿವೆ. ನಕ್ಷತ್ರವನ್ನು ಎತ್ತಿ ಹಿಡಿದಿರುವುದು ಈ ಓಟದಿಂದ ಹುಟ್ಟುವ ಒತ್ತಡ. ನನಗೆ ಇದರಲ್ಲಿ ಎಲ್ಲಕ್ಕಿಂತ ಸೋಜಿಗವೆನಿಸುವುದು ಏನೆಂದರೆ, ಈ ಒತ್ತಡಕ್ಕೆ ಶಾಖದ ಹಂಗಿಲ್ಲ. ಹಾಗಾಗಿ ಶ್ವೇತ ಕುಬ್ಜ ತಣ್ಣಗಾಗುತ್ತಲೇ ಹೋದರೂ ಕುಸಿಯುವುದಿಲ್ಲ. ಇದನ್ನು ಮೊದಲು ತೋರಿಸಿದವನು ಇಂಗ್ಲೆಂಡಿನ ಭೌತವಿಜ್ಞಾನಿ ಫೌಲರ್, 1926ರಲ್ಲಿ.

ಇದರಿಂದ ಒಂದು ತಲೆಕೆಳಗಾದ ಪರಿಣಾಮವೂ ಇದೆ: ದ್ರವ್ಯ ಸೇರಿಸಿದಷ್ಟೂ ನಕ್ಷತ್ರ ಚಿಕ್ಕದಾಗುತ್ತದೆ. ಎಲ್ಲಿಯವರೆಗೆ? 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹಾಕಿದ ಲೆಕ್ಕಕ್ಕೆ ಸಿಕ್ಕಿದ್ದು ಅದೇ ಮಿತಿ. ಇಂದಿನ ಲೆಕ್ಕದಲ್ಲಿ ಅದು ಸೂರ್ಯನ ಸುಮಾರು 1.4 ಪಟ್ಟು. ಅದನ್ನು ದಾಟಿದರೆ ಎಲೆಕ್ಟ್ರಾನುಗಳ ಒತ್ತಡ ಸಾಲದು.

ಕೊನೆಯದಾಗಿ ಆ ಚಮಚದ ಬಗ್ಗೆ. ಅದು ಹೋಲಿಕೆಗಷ್ಟೇ ಸರಿ. ದ್ರವ್ಯವನ್ನು ಅಷ್ಟು ಬಿಗಿಯಾಗಿ ಹಿಡಿದಿರುವುದು ಇಡೀ ನಕ್ಷತ್ರದ ಗುರುತ್ವ. ಅಲ್ಲಿಂದ ಒಂದು ಚಮಚ ಬಗೆದು ಹೊರತಂದರೆ ಆ ಎಲೆಕ್ಟ್ರಾನುಗಳನ್ನು ತಡೆಯುವವರು ಯಾರೂ ಇರುವುದಿಲ್ಲ, ತೂಗುವ ಮೊದಲೇ ಅದು ಸ್ಫೋಟಿಸಿರುತ್ತದೆ.